ಮಾವನ ತಲೆಯೊಳಗಿನ ರಷ್ಯನ್ ಹೆಂಗಸು

ನಮ್ಮ ಸೋದರಮಾವನ ತಲೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಒಬ್ಬ ರಷ್ಯನ್ ಹೆಂಗಸು ವಾಸವಾಗಿದ್ದಾಳೆ. ಗಾಬರಿಯಾಗಬೇಡಿ, ಈ ವಿಷಯ ನಮ್ಮ ಅತ್ತೆಗೂ ಗೊತ್ತು! ಗೊತ್ತಿದ್ದೂ ಅತ್ತೆ ದಿನಾ ಬೆಳಿಗ್ಗೆ ಎರಡು ಲೋಟ ಚಹಾ ತಂದು ಮಾವನ ಮುಂದಿಡುತ್ತಾಳೆ. "ಒಂದು ನಿಮಗೆ, ಒಂದು ಆಯಮ್ಮಂಗೆ" ಎನ್ನುತ್ತಾಳೆ. ಮಾವ ಎರಡನ್ನೂ ಕುಡಿಯುತ್ತಾರೆ. ಕೂತು ಕುಡಿಯುತ್ತಾರೆಂದು ತಿಳಿಯಬೇಡಿ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಾ, ನಮಗ್ಯಾರಿಗೂ ಅರ್ಥವಾಗದ ಭಾಷೆಯಲ್ಲಿ ವಟಗುಟ್ಟುತ್ತಾ ಕುಡಿಯುತ್ತಾರೆ.

ಮಾವ ಜಗಳೂರಿನ ಹುಡುಗ. ಆ ಕಾಲದಲ್ಲಿ ರಷ್ಯಾದವರು ನಮ್ಮ ಹುಡುಗರಿಗೆ ಪುಕ್ಕಟೆ ಓದು, ಊಟ, ಹಾಸ್ಟೆಲು ಕೊಟ್ಟು ಕರೆಸಿಕೊಳ್ಳುತ್ತಿದ್ದರು. ಮಾವ ಟ್ರ್ಯಾಕ್ಟರ್ ಎಂಜಿನಿಯರಿಂಗ್ ಓದಲು ಹೋದರು. ಮನೆಯವರ ಲೆಕ್ಕ ಸರಳವಾಗಿತ್ತು: ಹುಡುಗ ಹೋಗುತ್ತಾನೆ, ಟ್ರ್ಯಾಕ್ಟರ್ ಕಲಿಯುತ್ತಾನೆ, ಬರುತ್ತಾನೆ. ಹುಡುಗ ಬಂದ. ಅಷ್ಟರಲ್ಲಿ ಅಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿದ್ದು, ದೇಶವೇ ಹದಿನೈದು ಹೋಳಾಗಿ, ಡಿಗ್ರಿ ಕೊಡಬೇಕಾದವರು ತಮ್ಮ ಕುರ್ಚಿ ಹುಡುಕುತ್ತಿದ್ದರು. ಬಸ್ಸಿಳಿದ ಮಗನನ್ನು ತಾತ ಕೇಳಿದ ಮೊದಲ ಪ್ರಶ್ನೆಯನ್ನು ಅಮ್ಮ ಇವತ್ತಿಗೂ ಅಭಿನಯಿಸಿ ತೋರಿಸುತ್ತಾಳೆ.

"ಟ್ರ್ಯಾಕ್ಟರ್ ರಿಪೇರಿ ಬರ್ತೈತೇನಲೇ?"

"ಬಿಚ್ಚಾಕೆ ಬರ್ತೈತಪ್ಪ. ಜೋಡ್ಸೋದು ಹೇಳಿಕೊಡೋ ಹೊತ್ತಿಗೆ ದೇಶಾನೇ ಬಿಚ್ಚಿಹೋತು."

"ಮತ್ತೆ ಇಷ್ಟು ವರ್ಷ ಅಲ್ಲಿ ಏನು ಕಲಿತೆ?"

"ಮನುಷ್ಯ ಯಾಕೆ ಸುಳ್ಳು ಹೇಳ್ತಾನೆ ಅಂಬೋದನ್ನ ಕಲಿತೆ."

ತಾತ ಹೆಗಲ ಮೇಲಿನ ಟವೆಲ್ ಕೊಡವಿದರಂತೆ. "ಅದಕ್ಕೆ ರಷ್ಯಾಕ್ಕೆ ಯಾಕೆ ಹೋಗಬೇಕಿತ್ತೋ? ನಮ್ಮೂರ ದನದ ಸಂತೇಲಿ ಒಂದು ದಿನ ಕುಂತಿದ್ರೆ ಆಗಿರದು!"

ಅಂದಿನಿಂದ ಮಾವ ಒಂದು ಕಡೆ ನಿಂತವರಲ್ಲ. ಜಗಳೂರಿನಲ್ಲಿ ಟ್ಯುಟೋರಿಯಲ್ ತೆರೆದರು. ಹುಡುಗರು "ಸಾರ್, ಯಾವ ಪ್ರಶ್ನೆ ಬರ್ತೈತೆ?" ಎಂದು ಕೇಳಿದರೆ, "ಉತ್ತರ ಮೊದಲೇ ಗೊತ್ತಿರೋ ಪ್ರಶ್ನೆ ಪ್ರಶ್ನೆ ಹೆಂಗಾಗ್ತೈತೆ?" ಎಂದು ತಿರುಗಿ ಕೇಳುತ್ತಿದ್ದರು. ಹುಡುಗರು ಎದುರಿನ ಟ್ಯುಟೋರಿಯಲ್ಲಿಗೆ ಹೋದರು. ಮಾವ ಹೊನ್ನಾಳಿಗೆ ಹೋಗಿ ಕೋರ್ಟಿನ ಎದುರು ಜೆರಾಕ್ಸ್ ಅಂಗಡಿ ಇಟ್ಟರು. ರಷ್ಯಾದಲ್ಲಿ ಕಮ್ಯುನಿಸ್ಟರ ಕಾಲದಲ್ಲಿ ಜೆರಾಕ್ಸ್ ಯಂತ್ರಕ್ಕೂ ಬೀಗ ಹಾಕಿ ಕಾವಲಿಡುತ್ತಿದ್ದರಂತೆ. ಯಾರು ಏನನ್ನು ನಕಲು ಮಾಡಿ ಹಂಚಿಬಿಡುತ್ತಾರೋ ಎಂಬ ಭಯ! ಹಾಗಾಗಿ ಮಾವನಿಗೆ ಅದು ಅಂಗಡಿಯಲ್ಲ, ಸ್ವಾತಂತ್ರ್ಯದ ಗುಡಿ. ತೊಂದರೆ ಏನೆಂದರೆ, ಯಾವ ಕಾಗದವನ್ನೂ ಓದದೆ ಜೆರಾಕ್ಸ್ ಮಾಡುತ್ತಿರಲಿಲ್ಲ. ಅಣ್ಣತಮ್ಮಂದಿರು ಪಾಲುಪಟ್ಟಿ ತಂದರೆ ಪೂರ್ತಿ ಓದಿ, ಕನ್ನಡಕ ತೆಗೆದು, "ಇದು ನ್ಯಾಯ ಅನ್ನಿಸ್ತೈತಾ ನಿಮಗೆ?" ಎನ್ನುತ್ತಿದ್ದರು. ಒಂದು ಜೋಡಿ ಅಣ್ಣತಮ್ಮಂದಿರು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತು, ಪಾಲೇ ಬೇಡವೆಂದು ಒಟ್ಟಿಗೆ ಮನೆಗೆ ಹೋದರಂತೆ. ಮಾರನೆಯ ದಿನವೇ ಅವರ ವಕೀಲರು ಬಂದು, ಅಂಗಡಿಯನ್ನು ಕೋರ್ಟಿನಿಂದ ದೂರಕ್ಕೆ ಒಯ್ಯುವಂತೆ ಮಾವನಿಗೆ ಕೈಮುಗಿದರು!

ಆಮೇಲೆ ನ್ಯಾಮತಿಗೆ ಹೋದರು. ಅಲ್ಲಿ ಏನು ವ್ಯಾಪಾರ ಮಾಡಿದರೋ ಯಾರಿಗೂ ನೆನಪಿಲ್ಲ. ಅತ್ತೆಯನ್ನು ಮದುವೆಯಾಗಿ ಬಂದದ್ದು ಮಾತ್ರ ನೆನಪು. ಕೊನೆಗೆ ಚನ್ನಗಿರಿಗೆ ಬಂದು, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಮನೆ ಹಿಡಿದು, ಟ್ರ್ಯಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿ ತೆರೆದರು. ತಾತನ ಆಸೆ ಅರ್ಧವಾದರೂ ತೀರಿತು ಎನ್ನಿ. ಆದರೆ ಕತ್ತಲಗೆರೆಯಿಂದ ಫ್ಯಾನ್ ಬೆಲ್ಟ್ ಕೊಳ್ಳಲು ಬಂದವರು ಬೆಲ್ಟ್ ಮರೆತು, ಆತ್ಮಸಾಕ್ಷಿ ಅನ್ನುವುದು ಹುಟ್ಟಿನಿಂದಲೇ ಬರುತ್ತದೋ ಅಥವಾ ಅಕ್ಕಪಕ್ಕದವರ ಭಯದಿಂದ ಬರುತ್ತದೋ ಎಂದು ಯೋಚಿಸುತ್ತಾ ವಾಪಸು ಬಸ್ಸು ಹತ್ತುತ್ತಾರೆ. ಮರುದಿನ ಮತ್ತೆ ಬರುತ್ತಾರೆ. "ಬೆಲ್ಟ್ ಕೊಡ್ರಿ ಸಾಹುಕಾರ್ರೇ, ಮಾತು ಬ್ಯಾಡ" ಎಂದು ಬಾಗಿಲಲ್ಲೇ ನಿಂತು ಕೇಳುತ್ತಾರೆ.

ರಷ್ಯಾದ ಅಭ್ಯಾಸಗಳು ಬಿಡಬೇಕಲ್ಲ? ಎಲ್ಲೇ ಸಾಲು ಕಂಡರೂ ಮಾವ ಮೊದಲು ನಿಲ್ಲುತ್ತಾರೆ, ಯಾತಕ್ಕೆಂದು ಆಮೇಲೆ ವಿಚಾರಿಸುತ್ತಾರೆ. ಹೀಗೆ ಒಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ಗರ್ಭಿಣಿಯರ ಸಾಲಿನಲ್ಲಿ ಬಹಳ ಹೊತ್ತು ನಿಂತಿದ್ದರು. ಇನ್ನು ಮುಖ್ಯವಾದ ಮಾತೇನಿದ್ದರೂ ಅಡುಗೆಮನೆಯಲ್ಲೇ, ಅದೂ ನಲ್ಲಿ ಬಿಟ್ಟುಕೊಂಡೇ ಆಡಬೇಕು. ಅಲ್ಲಿ ಗೋಡೆಗಳಿಗೂ ಸರ್ಕಾರದ ಕಿವಿಗಳಿದ್ದವಂತೆ, ನೀರಿನ ಸದ್ದಿನಲ್ಲಿ ಮಾತು ಮುಚ್ಚಿಹೋಗುತ್ತಿತ್ತಂತೆ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಮಾವ ಏನು ಮಾಡಿದರು ಗೊತ್ತೇ? ಹುಡುಗನ ತಂದೆಯ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು, ನಲ್ಲಿ ಪೂರಾ ತಿರುಗಿಸಿ, ಕಿವಿಯಲ್ಲಿ, "ಹುಡುಗ ನಿಜ ಹೇಳ್ತಾನಾ?" ಎಂದು ಕೇಳಿದರು. ಆ ಹಿರಿಯರು ಬಿಳಿಚಿಕೊಂಡು ಹೊರಬಂದು ತಮ್ಮ ಹೆಂಡತಿಗೆ, "ಇವರ ಮನೇಲಿ ಏನೋ ಐತೆ ಕಣೇ" ಎಂದರು. ತೊಟ್ಟಿಯಲ್ಲಿ ಮಾತ್ರ ಏನೂ ಇರಲಿಲ್ಲ; ಬಂದವರಿಗೆ ಕೈ ತೊಳೆಯಲು ಪಕ್ಕದ ಮನೆಯಿಂದ ಬಿಂದಿಗೆ ತಂದೆವು!

ಈಗ ಆ ಹೆಂಗಸಿನ ವಿಷಯ.

ಮಾವನ ಹಾಸ್ಟೆಲಿನ ನೆಲಮಾಳಿಗೆಯಲ್ಲಿ ಕಟ್ಟಡವನ್ನು ಬೆಚ್ಚಗಿಡುವ ದೊಡ್ಡ ಒಲೆಯಿತ್ತು. ಜಗಳೂರಿನ ಬಿಸಿಲಲ್ಲಿ ಬೆಳೆದ ಮೈ. ಚಳಿ ತಾಳಲಾರದೆ ಮಾವ ಅಲ್ಲಿಗೆ ಇಳಿದು ಹೋಗುತ್ತಿದ್ದರು. ಒಲೆಗೆ ಕಲ್ಲಿದ್ದಲು ಹಾಕಲು ಒಬ್ಬ ವಯಸ್ಸಾದ ಹೆಂಗಸಿದ್ದರು. ಅವರು ಹಿಂದೆ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದವರು. ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆಗೆ "ನನಗೆ ಗೊತ್ತಿಲ್ಲ" ಎಂದುಬಿಟ್ಟಿದ್ದರು. ಎಲ್ಲದಕ್ಕೂ ಸರ್ಕಾರವೇ ಉತ್ತರ ಬರೆದಿಟ್ಟಿದ್ದ ಕಾಲದಲ್ಲಿ ಗೊತ್ತಿಲ್ಲ ಎನ್ನುವುದು ಸಣ್ಣ ಅಪರಾಧವೇ? ಕೆಲಸ ಹೋಯಿತು, ಸಲಿಕೆ ಬಂತು. ಅವರ ಹಿಂದೆಯೇ ಕವಿಗಳು, ಓದುಗರು, ತರ್ಕ ಮಾಡುವವರೆಲ್ಲ ಆ ನೆಲಮಾಳಿಗೆಗೆ ಬಂದರು. ಊರಿನ ನಿಜವಾದ ವಿಶ್ವವಿದ್ಯಾಲಯ ಅದೇ ಆಯಿತು ಎನ್ನುತ್ತಾರೆ ಮಾವ.

ಆ ತಾಯಿ ಒಂದು ಪುಸ್ತಕ ರಚಿಸಿದ್ದರು. ಸುಳ್ಳೆಂದು ಗೊತ್ತಿದ್ದೂ ಮನುಷ್ಯ ಸಭೆಯಲ್ಲಿ ಎಲ್ಲರ ಜೊತೆ ಯಾಕೆ ಕೈಯೆತ್ತುತ್ತಾನೆ ಎಂಬುದು ಅದರ ವಿಷಯ. ಅಚ್ಚು ಹಾಕುವಂತಿಲ್ಲ, ಮನೆಯಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಹಾಗಾಗಿ ಒಂದೊಂದು ಅಧ್ಯಾಯವನ್ನು ಒಬ್ಬೊಬ್ಬರಿಗೆ ಬಾಯಿಪಾಠ ಮಾಡಿಸಿ ಕಾಗದ ಸುಟ್ಟುಬಿಟ್ಟರು. ಒಲೆ ಪಕ್ಕದಲ್ಲೇ ಇತ್ತಲ್ಲ! ಒಂದು ಅಧ್ಯಾಯ ಮಾವನ ಪಾಲಿಗೆ ಬಂತು. "ಹೊರದೇಶದವನ ತಲೆ ಬಿಚ್ಚಿ ನೋಡೋರು ಯಾರು?" ಎಂದರಂತೆ ಆ ತಾಯಿ. ಆಗ ಮಾವನಿಗೆ ಬರುತ್ತಿದ್ದ ರಷ್ಯನ್ ಭಾಷೆ ಬ್ರೆಡ್ಡು ಕೇಳುವಷ್ಟು, ಬಸ್ಸು ಕೇಳುವಷ್ಟು. ಅರ್ಥವೇ ತಿಳಿಯದೆ, ಚಿಕ್ಕಂದಿನಲ್ಲಿ ಮಗ್ಗಿ ಕಲಿತ ಹಾಗೆ, ಕಲ್ಲಿದ್ದಲ ರಾಶಿಯಿಂದ ಒಲೆಗೂ ಒಲೆಯಿಂದ ರಾಶಿಗೂ ನಡೆಯುತ್ತಾ ಇಡೀ ಅಧ್ಯಾಯ ಉರುಹೊಡೆದರು. ಅದಕ್ಕೇ ಕೂತರೆ ಅವರಿಗೆ ಒಂದು ಸಾಲೂ ಬಾರದು.

ಮುಂದೆ ಸರ್ಕಾರ ಬಿತ್ತು. ಏನು ಬೇಕಾದರೂ ಅಚ್ಚು ಹಾಕಬಹುದಾಯಿತು. ಎಲ್ಲರೂ ಹಾಕಿದರು: ಜಾತಕ, ದೆವ್ವದ ಕತೆ, ತೂಕ ಇಳಿಸುವ ಉಪಾಯ. ಸುಳ್ಳಿನ ಬಗ್ಗೆ ಓದುವಷ್ಟು ಪುರುಸೊತ್ತು ಯಾರಿಗಿತ್ತು? ಬ್ರೆಡ್ಡಿಗೇ ಪರದಾಟ. ದೇವರಿಲ್ಲ ಎಂದು ಪಾಠ ಮಾಡುತ್ತಿದ್ದ ಮೇಷ್ಟ್ರು ಗಡ್ಡ ಬಿಟ್ಟು ಚರ್ಚು ಸೇರಿದರು. ಆ ತಾಯಿ ರೈಲ್ವೆ ಸ್ಟೇಷನ್ನಿನ ಬಾಗಿಲಲ್ಲಿ ಉಣ್ಣೆಯ ಕಾಲುಚೀಲ ಮಾರುತ್ತಾ ನಿಂತರು. ಬೀಳ್ಕೊಡುವಾಗ ಮಾವನಿಗೂ ಒಂದು ಜೊತೆ ಕೊಟ್ಟು, "ನನ್ನ ಅಧ್ಯಾಯ ಜೋಪಾನ. ಯಾರಾದರೂ ಕೇಳಿಕೊಂಡು ಬರ್ತಾರೆ" ಎಂದರಂತೆ.

ಯಾರೂ ಬರಲಿಲ್ಲ. ಮಾವ ದಿನಾ ಬೆಳಿಗ್ಗೆ ಒಪ್ಪಿಸುತ್ತಲೇ ಇದ್ದರು. ಅಮ್ಮ ಬೇಸತ್ತು, "ಆ ದೇಶಾನೇ ಹೋತು, ನೀನಿನ್ನೂ ಯಾರಿಗೆ ಪಾಠ ಒಪ್ಪಿಸ್ತೀಯೋ?" ಎಂದರೆ, "ಅಕ್ಕಾ, ಕೊಟ್ಟೋರು ಕೇಳಿದಾಗ ಇಲ್ಲ ಅನ್ನಾಕಾಗ್ತೈತಾ?" ಎನ್ನುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕೇಳಿದರು! ಹಳೆಯ ಹಾಸ್ಟೆಲಿನವರ ವಾಟ್ಸಾಪ್ ಗುಂಪಿನ ಮೂಲಕ ಮಾವನ ನಂಬರು ಹುಡುಕಿ ಒಬ್ಬ ಹೆಂಗಸು ಫೋನ್ ಮಾಡಿದಳು. ಆ ತಾಯಿಯ ಮೊಮ್ಮಗಳು. ಸಣ್ಣವಳಿದ್ದಾಗ ಆ ನೆಲಮಾಳಿಗೆಯಲ್ಲಿ ಆಡಿಕೊಂಡಿದ್ದವಳು, ಈಗ ನಲವತ್ತು ದಾಟಿದವಳು. ಅಜ್ಜಿ ತೀರಿಕೊಂಡು ಬಹಳ ಕಾಲವಾಯಿತಂತೆ. ಅಲ್ಲಿ ಸರ್ಕಾರದ ಭಯಕ್ಕೆ ಮಾತು ಮತ್ತೆ ಪಿಸುಮಾತಾಗಿದೆ ಎಂದು ಇವಳೂ ದೇಶ ಬಿಟ್ಟು ಬೇರೆಲ್ಲೋ ಇದ್ದಾಳೆ. ಬಾಯಿಪಾಠ ಮಾಡಿದವರನ್ನೆಲ್ಲ ಹುಡುಕಿ ಪುಸ್ತಕ ಜೋಡಿಸುತ್ತಿದ್ದಾಳೆ. ಇಂಡಿಯಾದವನ ಅಧ್ಯಾಯವೊಂದೇ ಬಾಕಿ.

ಭಾನುವಾರ ಬೆಳಿಗ್ಗೆ ವೀಡಿಯೋ ಕಾಲ್ ಎಂದು ನಿಗದಿಯಾಯಿತು. ಮಾವ ಇಸ್ತ್ರಿ ಶರ್ಟು ಹಾಕಿದರು. ನಾನು ಲ್ಯಾಪ್‌ಟಾಪ್ ಇಟ್ಟು, ಕುರ್ಚಿ ಎಳೆದು, "ಮಾವ, ಕೂತ್ಕಂಡು ಹೇಳ್ರಿ, ಇಲ್ಲಾಂದ್ರೆ ಮುಖ ಕಾಣಲ್ಲ" ಎಂದೆ. ಕೂತರು. ಬಾಯಿ ತೆರೆದರು. ಒಂದು ಅಕ್ಷರ ಬರಲಿಲ್ಲ! ಎದ್ದರು, ಧಾರಾಕಾರ ಶುರುವಾಯಿತು. ಆದರೆ ಆ ಕಡೆಯವಳಿಗೆ ಕಂಡದ್ದು ಗೋಡೆಯ ಮೇಲಿನ ಕ್ಯಾಲೆಂಡರು ಮಾತ್ರ. ಕೊನೆಗೆ ನಾನು ಫೋನಿನಲ್ಲಿ ಕರೆ ತೆಗೆದುಕೊಂಡು ಮಾವನ ಮುಂದೆ ಹಿಂದಕ್ಕೆ ಹಿಂದಕ್ಕೆ ನಡೆಯತೊಡಗಿದೆ. ಪಡಸಾಲೆ ಸಾಲದೆ ಅಂಗಳ, ಅಂಗಳ ಸಾಲದೆ ಬೀದಿ. ಎದುರುಮನೆಯವರು, "ಯಾವ ಚಾನೆಲ್ಲಿಗವ್ವಾ?" ಎಂದು ಕೇಳಿದರು. ಆ ಕಡೆ ಅವಳು ರೆಕಾರ್ಡ್ ಮಾಡಿಕೊಳ್ಳುತ್ತಾ, ತಲೆಯಾಡಿಸುತ್ತಾ ಕೇಳುತ್ತಿದ್ದಳು. ತಿರುಗಿ ಅಂಗಳಕ್ಕೆ ಬರುವ ಹೊತ್ತಿಗೆ ಮಾವ ತಟಕ್ಕನೆ ನಿಂತರು.

"ಮುಂದೇನು ಮಾವ?"

ಮಾವನ ಮುಖ ಬೆವತಿತ್ತು. "ಮುಂದಿಂದು ಗೊತ್ತೈತೆ ಕಣವ್ವ. ಆದ್ರೆ ಎರಡು ಥರ ಗೊತ್ತೈತೆ. ಭಾಷೆ ಕಲಿತ ಮ್ಯಾಲೆ ಅರ್ಥ ಆಗಾಕೆ ಹತ್ತಿತು. ಈ ಜಾಗದಲ್ಲಿ ಅವರ ಮಾತು ಒಪ್ಪಿಗೆಯಾಗ್ತಿರಲಿಲ್ಲ. ದಿನಾ ಜಗಳ ಆಡಿ ಆಡಿ ನಾನೇ ತಿದ್ದಿಬಿಟ್ಟೀನಿ. ಈಗ ಅವರದ್ಯಾವುದು, ನಂದ್ಯಾವುದು ತಿಳೀವಲ್ದು. ಸುಳ್ಳಿನ ಮ್ಯಾಲಿನ ಪುಸ್ತಕಕ್ಕೆ ನಾನೇ ಸುಳ್ಳು ಸೇರಿಸಿ ಕೊಡ್ಲೇನು?"

ಆ ಕಡೆಯವಳಿಗೂ ಅದನ್ನೇ ರಷ್ಯನ್ನಿನಲ್ಲಿ ಹೇಳಿದರು.  

ಆಗ ಬಾಗಿಲಿಗೆ ಬಂದ ಅತ್ತೆ ಸೆರಗಿನಲ್ಲಿ ಕೈಯೊರಸುತ್ತಾ, "ರೀ, ಮದುವೆಯಾದ ಹೊಸತರಾಗೆ ಈ ಜಾಗಾನ ನೀವು ಈಗಿನ ಹಂಗೆ ಹೇಳ್ತಿರಲಿಲ್ಲ" ಎಂದಳು. "ಆಗ ಬ್ಯಾರೆ ಥರ ಇತ್ತು. ನಂಗೆ ಅದೇ ಚೆಂದ ಕೇಳ್ತಿತ್ತು." ಎಂದವಳೇ ಶುರುಮಾಡಿದಳು. ರಷ್ಯನ್ನಿನಲ್ಲಿ! ಒಂದು ಪದದ ಅರ್ಥ ಗೊತ್ತಿಲ್ಲ. ಆದರೆ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು, ಎಲ್ಲಿ ಉಸಿರು ತೆಗೆಯಬೇಕು, ಎಲ್ಲ ಗೊತ್ತು. ಮಾವ ಬಾಯಿ ಬಿಟ್ಟು, "ಹೂಂ, ಅದೇ, ಅದೇ ಅವರ ಮಾತು" ಎನ್ನುತ್ತಾ ಅವಳ ಹತ್ತಿರ ಹತ್ತಿರ ಬಂದರು. ಅತ್ತೆ ತಡೆಯಿಲ್ಲದೆ ಹೇಳುತ್ತಾ ಹೋಗಿ, ನಡುವೆ ಒಂದು ಕಡೆ ದನಿ ಮೆತ್ತಗೆ ಮಾಡಿ, "ಜಕ್ರೋಯ್ ಊಶಿ, ದೋಚಿಂಕ, ನ ದ್ವಾರ್ಯೆ ವೇತಿರ್" ಎಂದಳು.

ಫೋನಿನ ಆ ಕಡೆ ಸದ್ದಿಲ್ಲ. "ನೆಟ್‌ವರ್ಕ್ ಹೋತೇನೇ?" ಎಂದಳು ನನ್ನ ಪಕ್ಕದಲ್ಲಿ ನಿಂತಿದ್ದ ಅಮ್ಮ. ನೆಟ್‌ವರ್ಕ್ ಹೋಗಿರಲಿಲ್ಲ. ಅವಳು ಅಳುತ್ತಿದ್ದಳು.

ಅತ್ತೆ ಬೆದರಿ ನಿಲ್ಲಿಸಿದಳು. "ಯಾಕ್ರೀ? ನಾನೇನಾದ್ರೂ ಬೈದ್ನೇನು?"

ಮಾವ ಅತ್ತೆಯ ಕಡೆ ತಿರುಗಿದರು. "ಅದು ಪುಸ್ತಕದ ಮಾತಲ್ಲ ಕಣೇ. ಅವರು ಪಾಠ ಹೇಳ್ತಾ ಹೇಳ್ತಾ ಪಕ್ಕದಲ್ಲಿ ಹೊರಗೆ ಹೊರಟು ನಿಂತಿದ್ದ ಮಗೂಗೆ ಹೇಳಿದ್ದು. ನಂಗಾಗ ಅರ್ಥ ಆಗ್ತಿರಲಿಲ್ಲ, ಅದೂ ಪುಸ್ತಕವೇ ಅಂತ ಸೇರಿಸಿ ಉರುಹೊಡೆದಿದ್ದೆ. ಅರ್ಥ ಗೊತ್ತಾದ ಮ್ಯಾಲೂ ಬಾಯಿಗೆ ಬರ್ತಿತ್ತು, ನಮ್ಮ ಮದುವೆಯಾಗಿ ಎಷ್ಟೋ ದಿನಕ್ಕೆ ಬಿಟ್ಟೆ. 'ಕಿವಿ ಮುಚ್ಕ ಮಗಳೇ, ಹೊರಗೆ ಗಾಳಿ ಐತೆ' ಅಂತ. ಆ ಮಗು ಇವಳೇ."

ಆ ಹೆಂಗಸು ಕಣ್ಣೊರಸಿಕೊಂಡು ಏನೋ ಕೇಳಿದಳು. ಮಾವ ಅತ್ತೆಗೆ ತಿಳಿಸಿದರು: "ಇನ್ನೊಂದ್ಸಲ ಹೇಳ್ಬೇಕಂತೆ."

ಅತ್ತೆ ನನ್ನ ಕೈಯಿಂದ ಫೋನು ತೆಗೆದುಕೊಂಡು ಮುಖದ ಹತ್ತಿರ ಹಿಡಿದಳು. ಈ ಸಲ ಅರ್ಥ ಗೊತ್ತಿತ್ತಲ್ಲ. ಹೊರಡಲು ನಿಂತ ಸ್ವಂತ ಮಗಳಿಗೆ ಹೇಳುವ ಹಾಗೆ ನಿಧಾನವಾಗಿ, ಒಂದೊಂದೇ ಪದವಾಗಿ ಹೇಳಿದಳು. ಎಲ್ಲೋ ದೂರದ ದೇಶದಲ್ಲಿ, ನರೆಗೂದಲು ಮೂಡುತ್ತಿದ್ದ ಆ ಹೆಂಗಸು ಎರಡೂ ಕೈಗಳಿಂದ ಮೆಲ್ಲನೆ ಕಿವಿ ಮುಚ್ಚಿಕೊಂಡಳು.