ಎಂಜಿನ್ ಆರಿಸಿ ಕಾರು ಓಡಿಸಿದ ವಾರ

ಕಾರು ನಿಂತಾಗ ನನ್ನ ತಲೆ ಓಡತೊಡಗುತ್ತದೆ. ದೊಡ್ಡನೆಕ್ಕುಂದಿಯ ಮನೆಗೂ ಬೆಳ್ಳಂದೂರಿನ ಆಫೀಸಿಗೂ ನಡುವಿನ ರಿಂಗ್ ರೋಡಿನಲ್ಲಿ ಕಾರು ನಿಲ್ಲುವುದೇ ಹೆಚ್ಚಾದ್ದರಿಂದ ಈ ತಲೆಗೆ ಪುರುಸೊತ್ತೇ ಇಲ್ಲ. ಒಂದು ಹೆಜ್ಜೆ ಮುಂದೆ ಹೋಗಿ ಬ್ರೇಕ್ ಒತ್ತುವುದು, ಮತ್ತೆ ಒಂದು ಹೆಜ್ಜೆ ಹೋಗುವುದು. ಇದರಲ್ಲಿ ಹಾಳಾಗುವ ಪೆಟ್ರೋಲ್ ನೆನೆದರೆ ಹೊಟ್ಟೆ ಉರಿಯುತ್ತದೆ. ಕಾರುಗಳನ್ನೆಲ್ಲ ರೈಲು ಬೋಗಿಗಳ ಹಾಗೆ ಕೊಕ್ಕೆ ಹಾಕಿ ಕಟ್ಟಿದರೆ ಮುಂದಿನ ಬಸ್ಸೊಂದೇ ಎಳೆದುಕೊಂಡು ಹೋಗುವುದಿಲ್ಲವೇ? ಹಾರ್ನ್ ಒತ್ತಿದಾಗಲೆಲ್ಲ ಬ್ಯಾಟರಿ ಚಾರ್ಜ್ ಆಗುವಂತಿದ್ದರೆ ನಾವು ಪಕ್ಕದ ರಾಜ್ಯಕ್ಕೂ ಕರೆಂಟ್ ಮಾರಬಹುದಿತ್ತು. ಇದನ್ನೆಲ್ಲ ಕೇಳಬೇಕಾದವಳು ಪಕ್ಕದ ಸೀಟಿನ ನನ್ನ ಹೆಂಡತಿ ಸರೋಜ. ಅವಳ ಆಫೀಸೂ ಅದೇ ದಾರಿಯಲ್ಲಿದೆ, ಪಾಪ.

ಒಂದು ದಿನ ಅವಳು, "ಮಾತಲ್ಲಿ ಉಳಿಸಿದ್ದು ಸಾಕು ಕಣ್ರೀ. ಒಂದು ವಾರ ನಾನು ಓಡಿಸ್ತೀನಿ, ಒಂದು ವಾರ ನೀವು. ಯಾರ ವಾರದಲ್ಲಿ ಮೈಲೇಜ್ ಜಾಸ್ತಿ ಬರುತ್ತೋ, ಸ್ಟೀರಿಂಗ್ ಇನ್ಮೇಲೆ ಅವರದ್ದು" ಅಂದಳು. ಒಪ್ಪಿಕೊಂಡೆ, ಆದರೆ ಒಳಗೊಳಗೇ ಅಳುಕು. ಮನೆಯಲ್ಲಿ ಟಿವಿ ಮುಂದಿನ ಕುರ್ಚಿ ಅತ್ತೆಯವರದು, ಕಿಟಕಿ ಪಕ್ಕದ್ದು ಒಗೆದ ಬಟ್ಟೆಗಳದು. ನನ್ನದು ಅಂತ ಉಳಿದಿದ್ದು ಡ್ರೈವರ್ ಸೀಟೊಂದೇ.

ಅವಳ ವಾರದಲ್ಲಿ ಅವಳೇನೂ ಸಾಹಸ ಮಾಡಲಿಲ್ಲ, ಹಾಡು ಕೇಳುತ್ತ ಆರಾಮಾಗಿ ಓಡಿಸಿದಳು. ಆದರೂ ಕೊನೆಗೆ ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿ ನಾನು ಯಾವತ್ತೂ ಕಾಣದಷ್ಟು ಮೇಲಿತ್ತು.

ನನ್ನ ವಾರ ಶುರುವಾಯಿತು. ಎಸಿ ಬಂದ್. ಸ್ಟೆಪ್ನಿ ಮನೆಯಲ್ಲೇ ಇಳಿಯಿತು. ಸರೋಜಳ ನೀರಿನ ಬಾಟಲಿಯನ್ನೂ ಅರ್ಧ ಖಾಲಿ ಮಾಡಿಸಿದೆ. ಮುಂದಿನ ಕಾರಿನ ಬೆನ್ನು ಹತ್ತದೆ, ಸಾಕಷ್ಟು ಜಾಗವಾದ ಮೇಲೆ ಒಂದೇ ಸಲ ಹೋಗೋಣವೆಂದು ಕಾದೆ. ಆ ಜಾಗಕ್ಕೆ ಒಂದು ಆಟೋ ನುಗ್ಗಿತು, ಆಟೋದ ಸಂದಿಗೆ ಎರಡು ಸ್ಕೂಟರು. ನಾನು ಕಾಯುತ್ತಲೇ ಇದ್ದೆ. ಬೈಕಿನವನೊಬ್ಬ ಗಾಜು ತಟ್ಟಿ, "ಸಾರ್, ಮಲಗ್ಬಿಟ್ರಾ?" ಎಂದು ವಿಚಾರಿಸಿಕೊಂಡು ಹೋದ.

ಶುಕ್ರವಾರ ಸಂಜೆ ಮನೆ ಹತ್ತಿರ ಬರುವಾಗ ನನ್ನ ಅಂಕಿ ಅವಳದಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಜಾಮ್ ನಡಿಗೆಯ ವೇಗದಲ್ಲಿ ಸಾಗುತ್ತಿತ್ತು. ಹಾಗಾದರೆ ನಡೆದರಾಯಿತಲ್ಲ! ಎಂಜಿನ್ ಆರಿಸಿ, ಡ್ಯಾಶ್‌ಬೋರ್ಡಿನ ಪರದೆ ಮಾತ್ರ ಬೆಳಗುವಷ್ಟು ಕೀಲಿ ತಿರುಗಿಸಿಟ್ಟೆ. ದೂರ ಲೆಕ್ಕಕ್ಕೆ ಬರುತ್ತದೆ, ಪೆಟ್ರೋಲ್ ಬರುವುದಿಲ್ಲ. ಇಳಿದು, ಒಂದು ಕೈ ಸ್ಟೀರಿಂಗಿನ ಮೇಲಿಟ್ಟು ತಳ್ಳತೊಡಗಿದೆ. ಸರೋಜ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು, "ನೀವ್ಯಾರೋ ನಂಗೊತ್ತಿಲ್ಲ" ಅಂದಳು.

ಆದರೆ ನಮ್ಮೂರಲ್ಲಿ ಕಾರು ತಳ್ಳುವವನನ್ನು ಯಾರೂ ಒಂಟಿಯಾಗಿ ಬಿಡುವುದಿಲ್ಲ. ಕಟ್ಟಡದ ಕೆಲಸ ಮುಗಿಸಿ ಬರುತ್ತಿದ್ದ ನಾಲ್ವರು ಓಡಿ ಬಂದರು. "ಯಾಕ್ರೀ ಸರ, ಗಾಡಿ ಬಂದ್ ಬಿತ್ತೇನ್ರಿ? ನೀವ್ ಒಳಗ ಕುಂದರ್ರಿ, ನಾವು ನೂಕತೀವಿ" ಎಂದು ಹಿರಿಯವನು ನನ್ನನ್ನು ಒಳಗೆ ಕೂರಿಸಿಯೇಬಿಟ್ಟ. ಕೆಟ್ಟಿಲ್ಲ ಎನ್ನದೆ ಸ್ಟೀರಿಂಗ್ ಹಿಡಿದೆ. ದಿನವಿಡೀ ಇಟ್ಟಿಗೆ ಹೊತ್ತವರು ತಳ್ಳುತ್ತಿದ್ದಾರೆ, ದಿನವಿಡೀ ಕೂತವನು ಮತ್ತೆ ಕೂತಿದ್ದೇನೆ. ನಾಚಿಕೆಯಾಯಿತು, ಸುಳ್ಳಲ್ಲ. ಆದರೆ ಕಣ್ಣು ಮಾತ್ರ ಅಂಕಿಯ ಮೇಲೇ ಇತ್ತು. ಅದು ನಿಧಾನಕ್ಕೆ ಏರಿ ಅವಳದನ್ನು ದಾಟಿತು.

ಅಷ್ಟರಲ್ಲಿ ಸರೋಜ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಅಣ್ಣ, ಗಾಡಿ ಸರಿಯಾಗೇ ಇದೆ. ಬನ್ನಿ, ಹತ್ತಿ, ರೂಮಿನ ತನಕ ಬಿಡ್ತೀವಿ."

"ಸರಿ ಐತಿ? ಮತ್ಯಾಕ ನೂಕಾಕತ್ತಿದ್ರಿ ಸರ?"

"ಡಾಕ್ಟ್ರು ವ್ಯಾಯಾಮ ಮಾಡಿ ಅಂದಿದ್ದಾರೆ" ಎಂದು ಅವಳೇ ನನ್ನ ಮಾನ ಉಳಿಸಿದಳು. ನಾಲ್ವರೂ ಹಿಂದೆ ಒತ್ತಿಕೊಂಡು ಕೂತರು. ಅವರ ರೂಮು ನಮ್ಮ ಮನೆ ದಾಟಿ, ದಿಬ್ಬದ ಮೇಲೆ. "ಪಾಪ, ಬೆವತಿದ್ದಾರೆ, ಎಸಿ ಹಾಕಿ" ಅಂದಳು. ಹಾಕಿದೆ. ದಿಬ್ಬ ಹತ್ತುವಾಗ ಅಂಕಿ ಇಳಿಯುತ್ತಿರುವುದನ್ನು ನೋಡಲಾಗದೆ ಅವರ ಜೊತೆ ಮಾತಿಗೆ ಕೂತೆ. ಅವರನ್ನು ಇಳಿಸಿದ ಮೇಲೆ ನಾನೇ ಕೀಲಿ ಅವಳ ಕೈಗೆ ಕೊಟ್ಟೆ.

ಈಗ ನನ್ನ ಜಾಗ ಪಕ್ಕದ ಸೀಟು. ಮುಂದಿನ ಕಾರಿನ ಕೆಂಪು ದೀಪ ಕಂಡಾಗಲೆಲ್ಲ ನನ್ನ ಬಲಗಾಲು ಬರೀ ಮ್ಯಾಟನ್ನು ಬಲವಾಗಿ ಒತ್ತುತ್ತದೆ. ಸರೋಜ ರಸ್ತೆಯಿಂದ ಕಣ್ಣು ಕೀಳದೆ ಹೇಳುತ್ತಾಳೆ: "ಕಾಲು ಎತ್ತಿ. ಸುಮ್ನೆ ಎನರ್ಜಿ ವೇಸ್ಟು."