ದೇವರಮನೆಯ ಪ್ಲಗ್ಗು

ಮಾಳಿಗೆಯ ಮೇಲೆ ಆ ಕರಿ ಹಲಗೆಗಳು ಏರಿ ಕುಳಿತ ದಿನದಿಂದ ಗುರುಸಿದ್ದವ್ವನ ಎದೆ ನೆಟ್ಟಗೆ ಬಡಿದದ್ದಿಲ್ಲ. ಲಕ್ಷ್ಮೇಶ್ವರದ ಆ ಓಣಿಯಲ್ಲಿ ಕಳ್ಳರಿಗೆ ಹೆದರದವಳು, ಹಾವಿಗೆ ಹೆದರದವಳು, ಹಿತ್ತಲಿಗೆ ನುಗ್ಗಿದ ಮಂಗಗಳ ಹಿಂಡನ್ನು ಬರೀ ಬಾಯಿಂದಲೇ ಓಡಿಸಿದವಳು (ಅವು ಶಿರಹಟ್ಟಿ ಮುಟ್ಟುವ ತನಕ ಹಿಂದಿರುಗಿ ನೋಡಲಿಲ್ಲವೆಂದು ಈಗಲೂ ಹೇಳುತ್ತಾರೆ), ಗೋಡೆಗೆ ಅಂಟಿಕೊಂಡ ಒಂದು ಸಣ್ಣ ಪೆಟ್ಟಿಗೆಯ ಮುಂದೆ ಮಾತ್ರ ತಲೆತುಂಬ ಸೆರಗು ಹೊದ್ದು ಕಳ್ಳಹೆಜ್ಜೆ ಇಟ್ಟು ನಡೆಯುತ್ತಿದ್ದಳು.

ಪೆಟ್ಟಿಗೆ ತಂದವನು ಮಗ ಶಿವಯೋಗಿ. ಪೇಟೆಯಲ್ಲಿ ಅವನದು ವೈರು, ಬಲ್ಬು, ಫ್ಯಾನುಗಳ ಅಂಗಡಿ. ಹೊಸದಾಗಿ ಬಂದ ಈ ಯಂತ್ರವನ್ನು ಊರವರಿಗೆ ಮಾರಬೇಕಾದರೆ ಮೊದಲು ತನ್ನ ಮನೆಯಲ್ಲೇ ಕೂಡಿಸಿ ತೋರಿಸಬೇಕೆಂದು ಅವನ ಲೆಕ್ಕ. ಮಾಳಿಗೆಯ ಹಲಗೆಗಳು ಬಿಸಿಲು ಕುಡಿದು ಕರೆಂಟು ಹೆರುತ್ತವೆ. ಮನೆಯ ಪ್ರತಿಯೊಂದು ಪ್ಲಗ್ಗಿಗೂ ಒಂದೊಂದು ಬಿಳಿ ಬಿಲ್ಲೆ. ಯಾವ ಪ್ಲಗ್ಗು ಯಾವಾಗ ಎಷ್ಟು ಕರೆಂಟು ತಿಂದಿತೆಂದು ಬಿಲ್ಲೆ ಪೆಟ್ಟಿಗೆಗೆ ಹೇಳುತ್ತದೆ, ಪೆಟ್ಟಿಗೆ ಶಿವಯೋಗಿಯ ಫೋನಿಗೆ ಹೇಳುತ್ತದೆ. ಮೋಡ ಮುಚ್ಚಿತೋ, ಸರಕಾರದ ಕರೆಂಟು ಸುಮ್ಮನೆ ಖರ್ಚಾಗಬಾರದೆಂದು ದೀಪ ಮತ್ತು ಫ್ರಿಜ್ಜು ಬಿಟ್ಟು ಉಳಿದ ಪ್ಲಗ್ಗುಗಳನ್ನೆಲ್ಲ ಪೆಟ್ಟಿಗೆಯೇ ಬಂದ್ ಮಾಡುತ್ತದೆ. ಬಿಸಿಲು ಬಿತ್ತೋ, ಯಾರನ್ನೂ ಕೇಳದೆ ತಾನೇ ಚಾಲೂ ಮಾಡುತ್ತದೆ. ಇಷ್ಟನ್ನೂ ಶಿವಯೋಗಿ ಊಟಕ್ಕೆ ಕುಳಿತಾಗ ಪುರಾಣ ಹೇಳಿದಂತೆ ಹೇಳಿದ. ಕೇಳುತ್ತ ಕುಳಿತ ಗುರುಸಿದ್ದವ್ವನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಯಾಕೆಂದರೆ, ಗುರುಸಿದ್ದವ್ವನಿಗೆ ಈ ಲೋಕದಲ್ಲಿ ಇದ್ದ ಆಸ್ತಿ ಒಂದೇ, ಅದು ಅವಳ ಹಿಂಡಿಯ ಹೆಸರು. ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಚಟ್ನಿಪುಡಿಗಳು: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಕಲ್ಲಿನ ಒಳ್ಳಿನಲ್ಲಿ ಹಾಕಿ, ಒನಕೆ ಹಿಡಿದು, ಶೇಂಗಾ ಎಣ್ಣೆ ಬಿಡುವ ತನಕ ಕುಟ್ಟಿದ ಹಿಂಡಿ ಎಂದು ಮುಂಡರಗಿಯ ಬೀಗರಿಂದ ಮುಳಗುಂದದ ಬಳೆಗಾರ್ತಿಯ ವರೆಗೂ ಹೊಗಳುತ್ತಿದ್ದರು. ಸೊಸೆ ನೇತ್ರಾ ಮದುವೆಯಾಗಿ ಬರುವಾಗ ತವರಿನಿಂದ ಒಂದು ಮಿಕ್ಸರು ತಂದಿದ್ದಳು. ಗುರುಸಿದ್ದವ್ವ ಅದನ್ನು ಎರಡು ಬೆರಳಿನಿಂದ ಮುಟ್ಟಿ, ದೋಸೆ ಹಿಟ್ಟಿಗೆ ಆದೀತು, ನನ್ನ ಹಿಂಡಿಯ ಹತ್ತಿರ ಮಾತ್ರ ಇದು ಸುಳಿಯಬಾರದು ಎಂದು ಅಪ್ಪಣೆ ಕೊಡಿಸಿದ್ದಳು. ಸೊಸೆ ಪಾಪ ಅಂದಿನಿಂದ ಸುಳಿಸಿರಲಿಲ್ಲ.

ಸುಳಿಸಿದವಳು ಅತ್ತೆಯೇ. ರಟ್ಟೆಯ ನೋವು ಶುರುವಾದ ಮೇಲೆ ಒನಕೆ ಎತ್ತಿದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಮಗ ಅಂಗಡಿಗೆ, ಸೊಸೆ ಶಿರಹಟ್ಟಿಯ ಶಾಲೆಯಲ್ಲಿ ಪಾಠ ಹೇಳಲು ಹೋದ ಮೇಲೆ, ಮಧ್ಯಾಹ್ನ ಬಾಗಿಲ ಚಿಲಕ ಹಾಕಿ, ಮಿಕ್ಸರಿನಲ್ಲಿ ಗರ್ರೆನಿಸಿ, ಆಮೇಲೆ ಅದನ್ನು ಒಳ್ಳಿಗೆ ಸುರುವಿ ನಾಲ್ಕು ಪೆಟ್ಟು ಹಾಕಿ, ಹಣೆಗೆ ನೀರು ಚಿಮುಕಿಸಿಕೊಂಡು ಬೆವರು ಎನ್ನುತ್ತಿದ್ದಳು. ವರ್ಷಗಳಿಂದ ಹೀಗೇ ನಡೆದಿತ್ತು. ಈಗ ಗೋಡೆಯ ಮೇಲಿನ ಪೆಟ್ಟಿಗೆ ಹಸಿರು ಕಣ್ಣು ಮಿಟುಕಿಸುತ್ತ ಕುಳಿತಿತ್ತು. ಅದು ಒಂದು ದಿನ ಮಗನ ಫೋನಿಗೆ ‘ನಿಮ್ಮವ್ವನ ಹಿಂಡಿ ಯಂತ್ರದ ಹಿಂಡಿ’ ಎಂದು ಹೇಳಿತೆಂದರೆ, ಸೊಸೆಯ ಮುಖ ಹೇಗೆ ನೋಡುವುದು?

ಹೆದರಿಕೆ ತಾಳಲಾರದೆ ಆಕೆ ಹಿತ್ತಲ ಗೋಡೆಯ ಹತ್ತಿರ ಹೋಗಿ ಪಕ್ಕದ ಮನೆಯ ಫಕೀರಬಿಯನ್ನು ಕರೆದಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಒಬ್ಬರ ಮನೆಯ ಒಗ್ಗರಣೆಯ ವಾಸನೆಯಿಂದಲೇ ಇನ್ನೊಬ್ಬರು ಆ ಮನೆಯ ಜಗಳ ತಿಳಿಯುತ್ತಿದ್ದರು.

“ಅದಕ್ಕ ಕಣ್ಣಿಲ್ಲ, ಕಿವಿ ಇಲ್ಲ ಅಂತಿ. ಮತ್ತ ನೀ ಮಿಕ್ಸರ್ ಹಚ್ಚಿದ್ದು ಹೆಂಗ ಗೊತ್ತಾಕ್ಕೈತಬೇ?” ಎಂದಳು ಫಕೀರಬಿ.

“ನಾಲಿಗಿ ಐತಂತ. ಕರೆಂಟಿನ ರುಚಿ ನೋಡಿ ಯಾವ ಪ್ಲಗ್ಗಿಂದು ಅಂತ ಹೇಳತೈತಂತ.” ಗುರುಸಿದ್ದವ್ವ ಅಷ್ಟು ಹೇಳಿ ಥಟ್ಟನೆ ನಿಂತಳು. “ನಿನಗ ಯಾರ ಹೇಳಿದ್ರು, ನಾ ಮಿಕ್ಸರ್ ಹಚ್ಚತೀನಂತ?”

“ಯಾರ ಹೇಳಬೇಕು? ಮಧ್ಯಾಹ್ನ ಮಲಗಿದ್ರ ಗ್ವಾಡಿ ಗುರ್ ಅಂತೈತಿ. ಮೊದಲಿಗೆ ನೀ ಗೊರಕಿ ಹೊಡೀತಿ ಅಂತ ತಿಳಿದಿದ್ದೆ. ಆಮ್ಯಾಲ ಶೇಂಗಾದ ವಾಸನಿ ಬಂತು. ಗೊರಕಿಗೆ ಅಂಥಾ ವಾಸನಿ ಇರೂದಿಲ್ಲ.”

“ಹಂಗಾರ ಓಣಿಗೆಲ್ಲಾ ಗೊತ್ತೈತೇನ?”

“ನಾ ಯಾಕ ಹೇಳಲಿ? ನನಗೂ ಡಬ್ಬಿ ತುಂಬ ಬರತೈತಲ್ಲ.”

ಗುರುಸಿದ್ದವ್ವ ಗೋಡೆಗೆ ಇನ್ನಷ್ಟು ಹತ್ತಿರ ಸರಿದಳು. ಇಬ್ಬರೂ ತಲೆಗೆ ತಲೆ ಹಚ್ಚಿ ವಿಚಾರ ಮಾಡಿದರು. ಅಡುಗೆಮನೆಯ ಪ್ಲಗ್ಗು ಬೇಡ, ಅಲ್ಲಿ ಸೊಸೆಯ ಕಣ್ಣಿರುತ್ತದೆ. ಪಡಸಾಲೆ ಬೇಡ, ಅಲ್ಲಿ ಬಂದುಹೋಗುವವರು. ಕಡೆಗೆ ಫಕೀರಬಿಯೇ ದಾರಿ ಹೇಳಿದಳು. ದೇವರಮನೆಯಲ್ಲಿ ಒಂದು ಪ್ಲಗ್ಗು ಇದೆಯಲ್ಲ, ದೀಪಾವಳಿಗೆ ಸರದ ಬಲ್ಬು ಹಚ್ಚುವುದು? ದೇವರ ಹೆಸರಿನಲ್ಲಿ ಖರ್ಚಾದದ್ದನ್ನು ಯಾವ ಮನೆಯಲ್ಲಿ ಯಾರು ಕೇಳುತ್ತಾರೆ? ಮೇಲಾಗಿ ಆ ಕೋಣೆಯೊಳಗೆ ಗುರುಸಿದ್ದವ್ವನನ್ನು ಬಿಟ್ಟು ಇನ್ನೊಬ್ಬರು ಕಾಲಿಡುತ್ತಿರಲಿಲ್ಲ.

ಮರುದಿನವೇ ಮಿಕ್ಸರು ದೇವರ ಜಗುಲಿಯ ಮಗ್ಗುಲಲ್ಲಿ ವಿರಾಜಮಾನವಾಯಿತು. ಗುರುಸಿದ್ದವ್ವ ಮೊದಲು ದೇವರಿಗೆ ಕೈಮುಗಿದು, ಕಣ್ಣು ಮುಚ್ಚಿಕೋ ತಂದೆ ಎಂದು ಬೇಡಿಕೊಂಡು, ಕಿವಿ ತಿರುವಿದಳು. (ಮಿಕ್ಸರಿನದು.) ಜಗುಲಿಯ ಮೇಲಿನ ಗಂಟೆ ತಾನೇ ಕಿಣಿಕಿಣಿ ಎಂದಿತು. ಆ ಸದ್ದಿಗೆ ಅವಳ ಜೀವ ಅರ್ಧ ಹೋಯಿತು, ಆದರೆ ಹಿಂಡಿ ಮಾತ್ರ ಸೊಗಸಾಗಿ ಬಂತು.

ಸಂಜೆ ಊಟದ ಹೊತ್ತಿಗೆ ಶಿವಯೋಗಿ ಫೋನು ನೋಡುತ್ತ ಹುಬ್ಬು ಗಂಟಿಕ್ಕಿದ.

“ಯವ್ವಾ, ದೇವರಮನ್ಯಾಗ ಏನ ಹಚ್ಚಿದ್ದಿ? ಮಧ್ಯಾಹ್ನ ಒಮ್ಮಿಂದೊಮ್ಮೆಲೆ ಭಾಳ ಕರೆಂಟ್ ಎಳದೈತಿ.”

“ಬಲ್ಬಿನ ಸರ ಹಚ್ಚಿದ್ದೆಪಾ,” ಎಂದಳು ಗುರುಸಿದ್ದವ್ವ. ದನಿ ಎಲ್ಲಿಂದಲೋ ಬಾವಿಯ ತಳದಿಂದ ಬಂದಂತಿತ್ತು.

ಬಲ್ಬಿನ ಸರ ಇಷ್ಟು ಎಳೆಯುವುದಿಲ್ಲ ಎಂದು ಶಿವಯೋಗಿ ತಲೆ ಅಲ್ಲಾಡಿಸಿದ. ಗೋಡೆಯೊಳಗಿನ ಹಳೆಯ ವೈರು ಸೋರುತ್ತಿರಬೇಕು, ಬೆಂಕಿ ಹತ್ತಿದರೆ ಮನೆ ಉಳಿಯುವುದಿಲ್ಲ. ನಾಳೆ ಸಂಜೆ ದುರ್ಗೇಶನನ್ನು ಕರೆದು ಗೋಡೆ ಒಡೆಸಿ ನೋಡುತ್ತೇನೆ, ಅಲ್ಲಿಯ ತನಕ ಆ ಪ್ಲಗ್ಗು ಯಾರೂ ಮುಟ್ಟಬೇಡಿರಿ ಎಂದ. ದುರ್ಗೇಶನೆಂದರೆ ಅವನ ಅಂಗಡಿಯ ವೈರಿಂಗಿನವನು. ಒಂದು ಮೊಳೆ ಬಡಿಯಲು ಕರೆದರೆ ಅರ್ಧ ಗೋಡೆ ಇಳಿಸುವ ಕೈ ಅವನದು. ಆ ಗೋಡೆ ಗುರುಸಿದ್ದವ್ವನ ಗಂಡ ತನ್ನ ಕೈಯಾರೆ ಮಣ್ಣು ಮೆತ್ತಿ ಎಬ್ಬಿಸಿದ್ದು. ಆಕೆಗೆ ರೊಟ್ಟಿ ಗಂಟಲಲ್ಲಿ ನಿಂತಿತು. ಖರೆ ಹೇಳಿದರೆ ಹೆಸರು ಬೀಳುತ್ತದೆ, ಹೇಳದಿದ್ದರೆ ಗೋಡೆ ಬೀಳುತ್ತದೆ. ನೇತ್ರಾ ನೀರಿನ ತಂಬಿಗೆಯನ್ನು ಅತ್ತೆಯ ಮುಂದೆ ಸರಿಸಿದಳು.

ಅಷ್ಟರ ಮೇಲೆ ಶಿವಯೋಗಿ ಇನ್ನೊಂದು ಸುದ್ದಿ ಹೇಳಿದ. ಗದಗಿನ ಮಹಿಳಾ ಸಂಘದ ಶಿವಲಕ್ಷ್ಮಿ ಎಂಬವರು ನಾಳೆ ಮಧ್ಯಾಹ್ನ ನಾಲ್ಕಾರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುವವರಿದ್ದಾರೆ. ಸಂಘದ ಮಾರಾಟ ಮೇಳಕ್ಕೆ ಕೈಯಿಂದ ಕುಟ್ಟಿದ ಹಿಂಡಿ ಬೇಕಂತೆ. ಅವ್ವ ಕುಟ್ಟುವುದನ್ನು ಕಣ್ಣಾರೆ ನೋಡಿ, ಒಂದು ಡಬ್ಬಿ ಒಯ್ಯುತ್ತಾರಂತೆ. ಗುರುಸಿದ್ದವ್ವ ಆ ರಾತ್ರಿ ಕೌದಿಯೊಳಗೆ ಮುದುಡಿ, ಬಿಸಿಲಿನಲ್ಲೂ ನಡುಗುವವರಿಗೆ ಏನು ರೋಗವೆನ್ನುತ್ತಾರೋ ಅದು ತನಗೆ ಬಂದಿದೆಯೆಂದು ತಿಳಿದಳು.

ಮನೆಯಲ್ಲಿ ಹಿಂಡಿ ಒಂದು ಚಮಚೆಯೂ ಇರಲಿಲ್ಲ. ಉಳಿದದ್ದನ್ನೆಲ್ಲ ಮುಂಡರಗಿಯ ಬೀಗರು ಒಯ್ದಿದ್ದರು. ತನ್ನ ರಟ್ಟೆಯಿಂದ ಕುಟ್ಟಿದರೆ ಅರ್ಧ ಶೇಂಗಾ ಇಡಿಯಾಗಿ ಉಳಿದು ಅತಿಥಿಗಳ ಹಲ್ಲಿಗೆ ಸಿಗುತ್ತಿತ್ತು. ಆದ್ದರಿಂದ ಮರುದಿನ ಮಗ, ಸೊಸೆ ಹೋದದ್ದೇ ತಡ, ಗುರುಸಿದ್ದವ್ವ ಕಡೆಯ ಸಲಕ್ಕೆಂದು ಆಣೆ ಇಟ್ಟುಕೊಂಡು ದೇವರಮನೆಗೆ ಹೊಕ್ಕಳು. ಮಿಕ್ಸರಿನ ಹಿಂಡಿಯನ್ನು ಡಬ್ಬಿಗೆ ತುಂಬಿ ಇಡುವುದು, ಅವರು ಬಂದಾಗ ಒಂದು ಹಿಡಿ ಶೇಂಗಾ ಒಳ್ಳಿಗೆ ಹಾಕಿ ತೋರಿಕೆಗೆ ಕುಟ್ಟುವುದು, ಅವರು ಹೋದ ಮೇಲೆ ಮಿಕ್ಸರನ್ನು ಅಡುಗೆಮನೆಗೆ ಸಾಗಿಸುವುದು. ಗೋಡೆಯ ವಿಷಯ ದೇವರಿಗೆ ಬಿಟ್ಟದ್ದು.

ಒಂದು ಡಬ್ಬಿ ಆಯಿತು. ಎರಡನೆಯ ಸಲ ಹುರಿದ ಶೇಂಗಾ, ಖಾರ, ಬೆಳ್ಳುಳ್ಳಿ ಹಾಕಿ ಹಚ್ಚಿದಳು. ಮಿಕ್ಸರು ಅರ್ಧಕ್ಕೆ ಗಕ್ಕನೆ ನಿಂತುಬಿಟ್ಟಿತು. ಕಿಟಕಿಯಲ್ಲಿ ನೋಡಿದರೆ ಸೂರ್ಯನ ಮೇಲೆ ಎಮ್ಮೆಯಷ್ಟು ದೊಡ್ಡ ಮೋಡ. ಪೆಟ್ಟಿಗೆ ಪ್ಲಗ್ಗುಗಳನ್ನು ಬಂದ್ ಮಾಡಿತ್ತು. ಗುರುಸಿದ್ದವ್ವನಿಗೆ ಅದೆಲ್ಲಿ ನೆನಪಾಗಬೇಕು? ಪೆಟ್ಟಿಗೆ ತನ್ನನ್ನು ಹಿಡಿದೇಬಿಟ್ಟಿತು, ಈಗ ಮಗನಿಗೆ ಖಬರ ಹೋಗಿರಬೇಕು ಎಂದುಕೊಂಡಳು. ಮಿಕ್ಸರಿನ ಕಿವಿಯನ್ನು ಆ ಕಡೆಗೊಮ್ಮೆ, ಈ ಕಡೆಗೊಮ್ಮೆ ತಿರುವಿದಳು. ಮಿಕ್ಸರು ಮಾತಾಡಲಿಲ್ಲ. ಅಷ್ಟರಲ್ಲಿ ಬಾಗಿಲ ಚಿಲಕ ಸದ್ದಾಯಿತು, ಜೊತೆಗೆ ಹೆಣ್ಣುಮಕ್ಕಳ ದನಿ. ಕಿವಿ ಯಾವ ಕಡೆಗೆ ತಿರುಗಿ ನಿಂತಿದೆಯೆಂದು ನೋಡಲೂ ಪುರುಸೊತ್ತಿರಲಿಲ್ಲ. ದೇವರ ಕೆಂಪು ವಸ್ತ್ರವನ್ನು ಮಿಕ್ಸರಿನ ಮೇಲೆ ಹೊದಿಸಿ, ಹೊರಗೆ ಓಡಿದಳು.

ಅತಿಥಿಗಳನ್ನು ಬಸ್ ನಿಲ್ದಾಣದಿಂದ ನೇತ್ರಾಳೇ ಕರೆತಂದಿದ್ದಳು, ಶಾಲೆಗೆ ಅರ್ಧ ದಿನ ರಜೆ ಹಾಕಿ. ಶಿವಲಕ್ಷ್ಮಿ ಎತ್ತರದ ಹೆಂಗಸು, ಮಾತು ಸಭೆಯಲ್ಲಿ ನಿಂತು ಆಡಿದ ಹಾಗೆ. ಚಹಾ ಆಯಿತು. ಸದ್ದು ಕೇಳಿ ಫಕೀರಬಿಯೂ ಬಂದು ಬಾಗಿಲ ಹತ್ತಿರ ಕುಳಿತಳು. ಗುರುಸಿದ್ದವ್ವ ನಡುವಿಗೆ ಸೆರಗು ಸಿಗಿಸಿ, ಒಳ್ಳಿನ ಮುಂದೆ ಕುಳಿತು, ನೋವು ನುಂಗಿ ಒನಕೆ ಎತ್ತಿದಳು. ಧಪ್ ಎಂದಿತು. ಇನ್ನೊಮ್ಮೆ ಧಪ್.

“ನೋಡ್ರಿ, ಇದಕ್ಕ ಅಂತಾರ ಕೈಗುಣ,” ಎಂದು ಶಿವಲಕ್ಷ್ಮಿ ಉಳಿದವರ ಕಡೆ ತಿರುಗಿದರು. “ಯಂತ್ರದ ಗಾಳಿ ಸೋಕಿಲ್ಲ ಈ ಮನಿಗೆ.”

ಹೊರಗೆ ಎಮ್ಮೆಯಂಥ ಮೋಡ ಮೆಲ್ಲಗೆ ಬೆಟಗೇರಿಯ ದಿಕ್ಕಿಗೆ ಸರಿಯಿತು. ಅಂಗಳದಲ್ಲಿ ಬಿಸಿಲು ಬಿತ್ತು.

ದೇವರಮನೆಯೊಳಗೆ ಗರ್ರ್ ಎಂದು ಏನೋ ಗರ್ಜಿಸಿತು. ಜಗುಲಿಯ ಗಂಟೆ ಬಡಿದುಕೊಂಡಿತು. ತಾಮ್ರದ ಚೆಂಬು ಉರುಳಿ ಹೊಸ್ತಿಲ ತನಕ ಬಂತು. ಬಾಗಿಲ ಸಂದಿಯಲ್ಲಿ ಕೆಂಪು ವಸ್ತ್ರ ಹೊದ್ದ ಆಕಾರವೊಂದು ಗಡಗಡ ನಡುಗುತ್ತ ಇತ್ತ ಕಡೆಗೇ ಸರಿಯುತ್ತಿತ್ತು. ಬಂದವರಲ್ಲಿ ಒಬ್ಬಾಕೆ ಎದ್ದು ನಿಂತು ಕೈಮುಗಿದಳು, ಇನ್ನೊಬ್ಬಾಕೆ ಚಪ್ಪಲಿ ಹುಡುಕಿದಳು. ಫಕೀರಬಿ ಸೆರಗು ಬಾಯಿಗೆ ತುರುಕಿಕೊಂಡಳು, ಹೆದರಿಕೆಯಿಂದಲ್ಲ. ಗುರುಸಿದ್ದವ್ವನ ಒನಕೆ ಮೇಲೆ ಹೋದದ್ದು ಅಲ್ಲೇ ನಿಂತಿತು. ಇಳಿಸಲು ಕೈಗೆ ನೆನಪೇ ಇರಲಿಲ್ಲ. ಭೂಮಿ ಬಾಯಿ ಬಿಡಲಿ ಎಂದು ಬೇಡಿದಳು. ಭೂಮಿ ಬಿಡಲಿಲ್ಲ.

ನೇತ್ರಾ ಎದ್ದಳು. ಅವಸರವಿಲ್ಲದೆ ಒಳಗೆ ಹೋದಳು. ಗರ್ಜನೆ ನಿಂತಿತು. ಹೊರಗೆ ಬಂದು, ಅತ್ತೆಯ ಮುಖ ನೋಡದೆ, ಶಿವಲಕ್ಷ್ಮಿಗೆ ಹೇಳಿದಳು:

“ಮಿಕ್ಸರ್ ರೀ. ನಂದ ಅದು. ಅತ್ತಿಗೆ ಗೊತ್ತಾಗಬಾರದಂತ ಕದ್ದು ಅಲ್ಲಿ ಇಟ್ಟಿದ್ದೆ.”

ಆಮೇಲೆ ನಡೆದದ್ದನ್ನು ಗುರುಸಿದ್ದವ್ವ ಕಿವಿ ಮುಚ್ಚಿಕೊಂಡು ಕೇಳಲೂ ಆಗದೆ, ತೆರೆದುಕೊಂಡು ಕೇಳಲೂ ಆಗದೆ ಕೇಳಿದಳು. ಇಂಥ ಅತ್ತೆಯ ಕೈಕೆಳಗಿದ್ದೂ ಕಲಿಯಲಿಲ್ಲವಲ್ಲ ತಂಗಿ ಎಂದು ಶಿವಲಕ್ಷ್ಮಿ ಶುರುಮಾಡಿ, ಈಗಿನ ಹೆಣ್ಣುಮಕ್ಕಳ ಸೋಮಾರಿತನ, ದೇವರಮನೆಯ ಮರ್ಯಾದೆ, ಹಿರಿಯರಿಗೆ ಮಾಡುವ ಮೋಸ, ಎಲ್ಲದರ ಮೇಲೂ ಒಂದೊಂದು ಭಾಷಣ ಮಾಡಿದರು. ನೇತ್ರಾ ತಲೆ ತಗ್ಗಿಸಿ, ಹೂಂ ರೀ, ಹೌದ್ರಿ, ತಪ್ಪಾತ್ರಿ ಎನ್ನುತ್ತ ನಿಂತಳು. ಹೋಗುವ ಮುಂದೆ ಶಿವಲಕ್ಷ್ಮಿ ಗುರುಸಿದ್ದವ್ವನ ಎರಡೂ ಕೈ ಹಿಡಿದು, ಮೇಳಕ್ಕೆ ಒಂದು ಚೀಲ ಶೇಂಗಾ ಪೂರ್ತಿ ಇದೇ ಕೈಯಿಂದ ಕುಟ್ಟಿಕೊಡಬೇಕೆಂದು ಮಾತು ತೆಗೆದುಕೊಂಡರು. ಆ ಹೊತ್ತಿನಲ್ಲಿ ಅವರು ಮಾಳಿಗೆಯಿಂದ ಹಾರು ಎಂದಿದ್ದರೂ ಗುರುಸಿದ್ದವ್ವ ಹೂಂ ಎನ್ನುತ್ತಿದ್ದಳು.

ಸಂಜೆ ನೇತ್ರಾ ಗಂಡನಿಗೂ ಅದೇ ಕಥೆ ಹೇಳಿದಳು: ನಿನ್ನೆ ಮಧ್ಯಾಹ್ನ ಶಾಲೆಯಿಂದ ನಡುವೆ ಬಂದು ಮಿಕ್ಸರು ತಾನೇ ಹಚ್ಚಿದ್ದು, ವೈರು ಸೋರುತ್ತಿಲ್ಲ. ದುರ್ಗೇಶನ ಸುತ್ತಿಗೆ ಚೀಲದಲ್ಲೇ ಉಳಿಯಿತು, ಗೋಡೆ ಉಳಿಯಿತು, ಹೆಸರು ಉಳಿಯಿತು. ಗುರುಸಿದ್ದವ್ವ ಅಡುಗೆಮನೆಯಲ್ಲಿ ಸೊಸೆಯ ಹತ್ತಿರ ನಿಂತು ಲಟ್ಟಣಿಗೆಯನ್ನು ಎತ್ತಿ ಅಲ್ಲೇ ಇಟ್ಟಳು. ಕಡೆಗೆ, ಮೇಳದ ಹಿಂಡಿಯನ್ನು ನಾವಿಬ್ಬರೂ ಕೂಡಿ ಮಧ್ಯಾಹ್ನ ಮಿಕ್ಸರಿನಲ್ಲೇ ಮಾಡಿ ಮುಗಿಸೋಣವೇ ಎಂದು ಪಿಸುಗುಟ್ಟಿದಳು.

ನೇತ್ರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಬ್ಯಾಡ್ರಿ ಅತ್ತಿ. ನಾ ಅಷ್ಟು ಮಂದಿ ಮುಂದ ಬೈಸ್ಕೊಂಡದ್ದು ದಂಡ ಆಗಬಾರದ ನೋಡ್ರಿ. ಮಿಕ್ಸರ್ ಯಾವ ಪ್ಲಗ್ಗಿಗೆ ಹಚ್ಚಿದ್ರೂ ನನ್ನ ಫೋನ್ ಇಲ್ಲದ ಚಾಲೂ ಆಗದಂಗ ಇವರ ಕಡಿಂದ ಮಾಡಿಸೇನಿ. ಒಂದ ಚೀಲ ಅಲ್ಲೇನ್ರಿ, ಕುಟ್ಟರಿ.”

ಗುರುಸಿದ್ದವ್ವ ಕುಟ್ಟಿದಳು. ಬೆಳಿಗ್ಗೆ ಕುಟ್ಟಿದಳು, ಮಧ್ಯಾಹ್ನ ಕುಟ್ಟಿದಳು, ಮೋಡ ಮುಚ್ಚಿದಾಗಲೂ ಕುಟ್ಟಿದಳು. ಓಣಿಯಲ್ಲಿ ಧಪ್ ಧಪ್ ಎಂಬ ಸದ್ದಿಗೆ ಫಕೀರಬಿಯ ಮಧ್ಯಾಹ್ನದ ನಿದ್ದೆ ಹಾರಿಹೋಗಿ, ಆ ಗುರ್ ಅನ್ನೋದೇ ಚಲೋ ಇತ್ತು ಎಂದು ಗೋಡೆಯಾಚೆಯಿಂದ ತಕರಾರು ಬಂತು. ಚೀಲ ಮುಗಿಯುವ ಹೊತ್ತಿಗೆ ಗುರುಸಿದ್ದವ್ವನಿಗೆ ನೀರಿನ ಲೋಟವನ್ನು ಬಾಯಿಗೆ ಎತ್ತಲು ಎರಡು ಕೈ ಬೇಕಾಗುತ್ತಿದ್ದವು.

ಅಂದು ಊಟಕ್ಕೆ ಕುಳಿತ ಶಿವಯೋಗಿ ಫೋನು ನೋಡಿ ಹಿಗ್ಗಿದ.

“ನೋಡಬೇ ಯವ್ವಾ, ನಮ್ಮ ಮನಿ ಹಗಲಿನ ಖರ್ಚು ಎಷ್ಟು ಇಳಿದೈತಿ. ಹೆಚ್ಚಾದ ಕರೆಂಟ್ ಎಲ್ಲಾ ಸರಕಾರದ ಲೈನಿಗೆ ಹೊಂಟೈತಿ. ಯಂತ್ರ ಅಂದ್ರ ಹಿಂಗ ದುಡೀಬೇಕು.”

ರಟ್ಟೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಗುರುಸಿದ್ದವ್ವ ಎಣ್ಣೆಯ ಬಟ್ಟಲನ್ನು ಮಗನ ಕಡೆ ಸರಿಸಿದಳು.

“ಆ ಲೈನಿಗೆ ಹೋಗೂದರಾಗ ಒಂದೀಟ ನನ್ನ ರಟ್ಟಿಗೆ ಬಿಡಪಾ.”

“ಅದಕ್ಕ ಬ್ಯಾರೆ ಮೀಟರ್ ಕೂಡಿಸಬೇಕಾಕ್ಕೈತಿ,” ಎಂದ ಶಿವಯೋಗಿ, ಫೋನಿನಿಂದ ಕಣ್ಣೆತ್ತದೆ.