ಗುಂಡವ್ವನ ಸಂಜೆಯ ಜ್ವರ

ನನಗೆ ಜ್ವರ ಬಂದರೆ ನಮ್ಮ ಮನೆಯಲ್ಲಿ "ಗುಳಿಗಿ ತಗೊಂಡು ಮಕ್ಕೋರಿ" ಎನ್ನುತ್ತಾರೆ. ಗುಂಡವ್ವನಿಗೆ ಬಂದರೆ ಮನೆಯೇ ದವಾಖಾನೆಯಾಗುತ್ತದೆ. ಗುಂಡವ್ವ ಎಂದರೆ ನನ್ನ ಹೆಂಡತಿ ನಾಗರತ್ನಾಳ ಬಿಳಿ ಬೆಕ್ಕು. (ಮನೆಯ ಯಜಮಾನಿ ಎಂದರೂ ತಪ್ಪಿಲ್ಲ.)

ಆದರೆ ಆ ಮಹಾಜ್ವರವನ್ನು ಕಂಡುಹಿಡಿದವನು ನಾನು! ಗೋಕುಲ ರಸ್ತೆಯ ನನ್ನ ಪಂಪ್‌ಸೆಟ್ ಅಂಗಡಿ ಮುಚ್ಚಿ ಸಂಜೆ ಮನೆಗೆ ಬಂದರೆ, ಸ್ಕೂಟರ್ ಸದ್ದಿಗೆ ಗುಂಡವ್ವ ಓಡಿ ಬಂದಳು. ಎತ್ತಿಕೊಂಡೆ. ಹೊಟ್ಟೆ ಕಾದ ಹಂಚು! ಕೊರೋನಾ ಕಾಲದಲ್ಲಿ ಅಂಗಡಿಗೆ ತಂದಿದ್ದ, ಗಿರಾಕಿಗಳ ಹಣೆಗೆ ಹಿಡಿಯುತ್ತಿದ್ದ ಜ್ವರದ ಗನ್ನು ಹುಡುಕಿ ಅವಳ ಹೊಟ್ಟೆಗೆ ಗುರಿಯಿಟ್ಟೆ. ನೂರಾ ನಾಲ್ಕು!

"ಲಗೂ ಏನರೆ ಮಾಡ್ರಿ! ಇದಕ್ಕೇನರೆ ಆದ್ರ ನಾ ಉಳ್ಯಂಗಿಲ್ಲ," ಎಂದು ನಾಗರತ್ನಾ ಕಣ್ಣಲ್ಲಿ ನೀರು ತಂದುಕೊಂಡಳು.

ವಿದ್ಯಾನಗರದ ಪಶುವೈದ್ಯೆ ಡಾಕ್ಟರ್ ಮೈತ್ರೇಯಿಯವರಲ್ಲಿಗೆ ಹಾರಿದೆವು. ಅವರು ತಮ್ಮ ಥರ್ಮಾಮೀಟರನ್ನು ಬೆಕ್ಕಿಗೆ ಎಲ್ಲಿ ಇಡಬೇಕೋ ಅಲ್ಲಿಟ್ಟು ನೋಡಿದರು (ಗುಂಡವ್ವ ನನ್ನ ಕೈ ಪರಚಿದಳು). ಜ್ವರವಿಲ್ಲ. ಮರುದಿನ ಸಂಜೆ ಮನೆಯಲ್ಲಿ ಮತ್ತೆ ನೂರಾ ನಾಲ್ಕು. ದವಾಖಾನೆಗೆ ಹೋದರೆ ಮಾಯ! ರಕ್ತ ಪರೀಕ್ಷೆಯಾಯಿತು, ಉಣ್ಣಿ ಹುಡುಕಿದ್ದಾಯಿತು, ಹಲ್ಲು ನೋಡಿದ್ದಾಯಿತು. ಎಲ್ಲ ಸರಿಯಾಗಿತ್ತು.

"ನಿಮ್ಮ ಮಾರಿ ನೋಡಿದ ಕೂಡಲೇ ಇದಕ್ಕ ಜ್ವರ ಬರ್ತಾವ ನೋಡ್ರಿ," ಎಂದಳು ನಾಗರತ್ನಾ. "ಲಗ್ನಾದ ಹೊಸದಾಗ ನನಗೂ ಹಿಂಗ ಆಗ್ತಿತ್ತು."

ಡಾಕ್ಟರ್ ಸಲಹೆಯಂತೆ ಒಂದು ಮಧ್ಯಾಹ್ನ ಗುಂಡವ್ವನನ್ನು ದವಾಖಾನೆಯಲ್ಲೇ ಬಿಟ್ಟೆವು. ಆ ರಾತ್ರಿ ಊಟಕ್ಕೆ ಕುಳಿತೆ. ನಾಗರತ್ನಾ ಸಂಜೆಗೇ ಜೋಳದ ರೊಟ್ಟಿ ಬಡಿದು, ಗರಗದ ಖಾದಿ ಬಟ್ಟೆ ಹೊದಿಸಿ ಬುಟ್ಟಿಯಲ್ಲಿಡುತ್ತಾಳೆ. ಅವಳೂ ನನ್ನ ಅವ್ವನೂ ಖಡಕ್ ರೊಟ್ಟಿಯವರು. ಬುಟ್ಟಿಯ ಮೆತ್ತನೆಯ ರೊಟ್ಟಿ ನನ್ನೊಬ್ಬನಿಗೇ. ಇತ್ತೀಚೆಗಂತೂ ಅದು ಅರಳೆಯ ಹಾಗೆ ಬರುತ್ತಿದೆ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆದರೆ ಆವತ್ತು ಹಾಗಿರಲಿಲ್ಲ.

"ಯಾಕ, ರೊಟ್ಟಿ ಬಿರಸಾಗ್ಯಾವಲ್ಲ?"

"ಬೆಕ್ಕಿನ ಚಿಂತ್ಯಾಗ ಬಡದೇನಿ. ಸುಮ್ನ ಉಣ್ರಿ."

ಮರುದಿನ ಗುಂಡವ್ವನನ್ನು ಕರೆತರಲು ಹೋದಾಗ ಡಾಕ್ಟರ್ ತಲೆ ಕೆರೆದುಕೊಂಡರು. "ಇಲ್ಲೆ ಸಂಜೀಕೂ ಜ್ವರ ಬರಲಿಲ್ರಿ. ಮನ್ಯಾಗ ಜ್ವರ ಬರೂಕಿಂತ ಮೊದಲ ಇಕಿ ಎಲ್ಲಿರತಾಳ, ಏನ್ ಮಾಡತಾಳ, ನೋಡ್ರಿ. ತಿಳೀಲಿಲ್ಲಂದ್ರ ಅರಿವಳಿಕಿ ಕೊಟ್ಟು ದೊಡ್ಡ ಪರೀಕ್ಷಾ ಮಾಡಬೇಕಾಗತೈತಿ."

ಅರಿವಳಿಕೆ ಎಂದ ಕೂಡಲೇ ನಾಗರತ್ನಾ ನನ್ನ ತೋಳು ಹಿಡಿದಳು. ನನ್ನೊಳಗಿನ ಪತ್ತೇದಾರ ಎದ್ದು ನಿಂತ. ಅವಳಿಗೂ ಹೇಳದೆ ಅಂಗಡಿ ಬೇಗ ಮುಚ್ಚಿ, ಹಿತ್ತಿಲ ಬಾಗಿಲಿನಿಂದ ನುಗ್ಗಿ, ಅಡುಗೆಮನೆಯ ಜೋಳದ ಚೀಲದ ಹಿಂದೆ ಅವಿತು ಕುಳಿತೆ. ನಾಗರತ್ನಾ ರೊಟ್ಟಿ ಬಡಿದು, ಬಟ್ಟೆ ಹೊದಿಸಿ, ಪಕ್ಕದ ಮನೆಯ ಕರುಣಾಳೊಡನೆ ಮಾತಿಗೆ ಕಟ್ಟೆಗೆ ಹೋದಳು. ಆಗ ಬಂದಳು ಗುಂಡವ್ವ! ಬುಟ್ಟಿ ಹತ್ತಿದಳು. ಪಂಜದಿಂದ ಬಟ್ಟೆ ಸರಿಸಿ, ಒಂದು ಸುತ್ತು ತಿರುಗಿ, ಬಿಸಿ ರೊಟ್ಟಿಯ ಮೇಲೆ ಹೊಟ್ಟೆಯೂರಿ ಕಣ್ಣು ಮುಚ್ಚಿದಳು.

"ಸಿಕ್ತು! ಸಿಕ್ತು!" ಎಂದು ಜಿಗಿದೆ. ತಲೆ ಗೋಡೆಯ ಮಾಡಕ್ಕೆ ಬಡಿಯಿತು, ಯಾರಿಗೆ ಲೆಕ್ಕ! ನಾಗರತ್ನಾ, ಕರುಣಾ, ಅವ್ವ, ಎಲ್ಲರೂ ಓಡಿ ಬಂದರು. ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರ್ ಹಾಕಿ ಡಾಕ್ಟರಿಗೆ ಹಚ್ಚಿದೆ.

"ಮೇಡಂ, ಜ್ವರ ಅಲ್ರಿ, ರೊಟ್ಟಿ ಬಿಸಿರಿ! ದಿನಾ ಸಂಜೀಕ ಬುಟ್ಯಾಗ ಮಕ್ಕೊಂಡು ಹೊಟ್ಟಿ ಕಾಸ್ಕೊಂತಾಳ! ನಾನ ಹಿಡದೇನಿ!"

"ಭಾಳ ಛಲೋ ಆತ್ರಿ! ನಿಮ್ಮ ಗನ್ನು ಮ್ಯಾಲಿನ ಬಿಸಿ ತೋರಸ್ತಿತ್ತು. ಬೆಕ್ಕು ಆರಾಮ ಐತಿ," ಎಂದರು. ಆಮೇಲೆ ಕೇಳಿದರು, "ಅಲ್ರಿ, ಆ ರೊಟ್ಟಿ ಯಾರು ತಿಂತಾರ?"

ಎಲ್ಲರೂ ನನ್ನನ್ನೇ ನೋಡಿದರು. (ರೊಟ್ಟಿಯಲ್ಲಿ ಸಿಗುತ್ತಿದ್ದ ಬಿಳಿ ಕೂದಲನ್ನು ಅವ್ವನದೆಂದು ಗೌರವದಿಂದ ತೆಗೆದಿಡುತ್ತಿದ್ದೆ.)

"ಅಯ್ಯ, ಅದಕ್ಕ ಆವತ್ತು ಬಿರಸಾಗಿದ್ವು!" ಎಂದು ನಾಗರತ್ನಾ ಸೆರಗು ಬಾಯಿಗೆ ಒತ್ತಿಕೊಂಡಳು.

ಈಗ ರೊಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿರುತ್ತದೆ. ನಿನ್ನೆ ಅಭ್ಯಾಸಬಲದಿಂದ, "ರೊಟ್ಟಿ ಯಾಕೋ ಮೊದಲಿನಂಗ ಮೆತ್ತಗಿಲ್ಲ," ಎಂದುಬಿಟ್ಟೆ.

ನಾಗರತ್ನಾ ಹಿತ್ತಿಲ ಕಡೆ ತಿರುಗಿ ಕೂಗಿದಳು: "ಗುಂಡವ್ವಾ, ಬಾರವ್ವಾ ಇಲ್ಲೆ. ಸಾಹೇಬ್ರು ಕರ್ಯಾಕತ್ತಾರ."